ಎಳೆ ಹುಳುಕು: ಡ್ರಿಲ್ ಎತ್ತುವ ಮೊದಲು ಐದು ಸೆಕೆಂಡ್ ಗಾಳಿ

ಕಳೆದ ವರ್ಷ ದೀಪಾವಳಿ ಮುಗಿದ ವಾರ ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ತಾಯಿ ಮಗ ಬಂದಿದ್ದರು. ಹುಡುಗನಿಗೆ ಒಂಬತ್ತು ವರ್ಷ. ಅವನು ಕುರ್ಚಿ ಹತ್ತುವ ಮೊದಲೇ ತಾಯಿ ತೀರ್ಪು ಕೊಟ್ಟಾಗಿತ್ತು. "ಮೇಡಂ, ಹಲ್ಲಿಗೆಲ್ಲ ಹುಳ ಹತ್ಯಾವ್ರಿ. ಎಷ್ಟ ಆಗ್ತೈತೋ ಆಗ್ಲಿ, ಎಲ್ಲಾಕೂ ಸಿಮೆಂಟ್ ಹಾಕಿಬಿಡ್ರಿ."

ಎಣಿಸಿದೆ. ಹನ್ನೊಂದು ಹಲ್ಲಿನ ಮೇಲೆ ಬಿಳಿ ಕಲೆ. ಅದರಲ್ಲಿ ಹುಳುಕು ಇದ್ದದ್ದು ಎರಡಕ್ಕೆ. ಆ ಎರಡಕ್ಕೂ ಸಿಮೆಂಟ್ ಬೇಕಿರಲಿಲ್ಲ.

ನಾನು ಕೊಪ್ಪಳದಲ್ಲಿ ಕ್ಲಿನಿಕ್ ಹಾಕಿದ್ದು 2007ರಲ್ಲಿ. ಎರಡು ಕುರ್ಚಿ, ಒಂದು ಕಂಪ್ರೆಸರ್. ಕರೆಂಟ್ ಹೋದರೆ ಯುಪಿಎಸ್ ಮೇಲೆ ಲೈಟ್ ಮಾತ್ರ ನಡೆಯುತ್ತದೆ. ಈಗಷ್ಟೇ ಬಿಡಿಎಸ್ ಮುಗಿಸಿ ನಮ್ಮ ಕಡೆ ಕ್ಲಿನಿಕ್ ತೆಗೆದಿರುವ ತಮ್ಮ ತಂಗಿಯರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹಲ್ಲಿನ ಚಿಂತೆ ಇರುವ ಅಪ್ಪ ಅಮ್ಮಂದಿರೂ ಓದಬಹುದು, ಗುಟ್ಟೇನೂ ಇಲ್ಲ. ತೂತು ಬಿದ್ದು ರಾತ್ರಿಯೆಲ್ಲ ನೋಯುವ ಹಲ್ಲಿಗೆ ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ಇಲ್ಲಿ ಹೇಳುತ್ತಿರುವುದು ತೂತು ಬೀಳುವ ಮೊದಲಿನ ಹುಳುಕಿನ ಬಗ್ಗೆ. ಒಂದು ಬಿಳಿ ಕಲೆ, ಒಂದು ಕಂದು ಗೆರೆ, ಎಕ್ಸ್‌ರೇಯಲ್ಲಿ ಒಂದು ಮಸುಕು ನೆರಳು. ಕೈ ತಪ್ಪುವುದು ಇಲ್ಲೇ.

ಮೊದಲು ತೊಳೆಯಿರಿ, ಆಮೇಲೆ ಒಣಗಿಸಿ

ಪಾಚಿ ಕಟ್ಟಿದ ಹಲ್ಲು ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಮೊದಲು ಬ್ರಷ್‌ನಿಂದ ಉಜ್ಜಿ. ನಾನು ಹುಡುಗರ ಕೈಗೇ ಬ್ರಷ್ ಕೊಡುತ್ತೇನೆ. ಅವರು ಎಲ್ಲಿ ಉಜ್ಜುತ್ತಾರೆ, ಎಲ್ಲಿ ಬಿಡುತ್ತಾರೆ ಅನ್ನುವುದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಆಮೇಲೆ ಕೆನ್ನೆ ಪಕ್ಕ ಹತ್ತಿ ಸುರುಳಿ ಇಟ್ಟು, ಹಲ್ಲು ಒದ್ದೆ ಇರುವಾಗ ಒಮ್ಮೆ ನೋಡಿ. ನಂತರ ಗಾಳಿ, ನೀರು ಬಿಡುವ ತ್ರೀ-ವೇ ಸಿರಿಂಜ್‌ನಿಂದ ಐದು ಸೆಕೆಂಡ್ ಗಾಳಿ ಬಿಟ್ಟು ಮತ್ತೊಮ್ಮೆ ನೋಡಿ.

ಎರಡು ಸಲ ಯಾಕೆ? ಸುಣ್ಣ ಹಚ್ಚಿದ ಗೋಡೆ ನೆನಪಿಸಿಕೊಳ್ಳಿ. ಹಸಿ ಇದ್ದಾಗ ಮಂಕಾಗಿ ಕಾಣುತ್ತದೆ. ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಹಲ್ಲಿನದೂ ಅದೇ ಕಥೆ. ಹಲ್ಲಿನ ಹೊರಗಿನ ಗಟ್ಟಿ ಪದರವೇ ಎನಾಮೆಲ್. ಖನಿಜ ಕರಗಿದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ರಂಧ್ರದಲ್ಲಿ ನೀರು ತುಂಬಿದ್ದರೆ ಬೆಳಕು ಸುಮಾರಾಗಿ ಹಾದುಹೋಗುತ್ತದೆ. ನೀರು ಹೋಗಿ ಗಾಳಿ ತುಂಬಿತೋ, ಬೆಳಕು ಚದುರಿ ಕಲೆ ಬೆಳ್ಳಗೆ ಕಾಣುತ್ತದೆ. ಬೆಳಕನ್ನು ಬಾಗಿಸುವ ಅಳತೆಯಲ್ಲಿ ಎನಾಮೆಲ್ 1.62, ನೀರು 1.33, ಗಾಳಿ 1. ಅಂತರ ಹೆಚ್ಚಿದಷ್ಟೂ ಬಿಳುಪು ಜಾಸ್ತಿ.

ಇದರಲ್ಲೇ ಆಳದ ಲೆಕ್ಕವೂ ಇದೆ. ಒಣಗಿಸಿದ ಮೇಲಷ್ಟೇ ಕಾಣುವ ಕಲೆ ಎನಾಮೆಲ್‌ನ ಹೊರಗಿನ ಅರ್ಧದಲ್ಲಿದೆ. ಒದ್ದೆ ಇದ್ದಾಗಲೇ ಕಂಡರೆ ಇನ್ನೂ ಒಳಗೆ ಹೋಗಿದೆ. ಐಸಿಡಿಎಎಸ್ ಅನ್ನುವ ಅಂಕ ಪದ್ಧತಿಯಲ್ಲಿ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2. ಎನಾಮೆಲ್ ಸ್ವಲ್ಪ ಒಡೆದು ಅದರ ಕೆಳಗಿನ ಪದರ ಡೆಂಟಿನ್ ಇನ್ನೂ ಕಾಣದಿದ್ದರೆ 3. ಎನಾಮೆಲ್ ಕೆಳಗೆ ಕಪ್ಪು ನೆರಳು ಕಂಡರೆ 4. ಡೆಂಟಿನ್ ಕಾಣುವ ತೂತು 5, ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ 6. ಕಾರ್ಡ್ ಮೇಲೆ "ಕ್ಯಾರೀಸ್" ಅಂತ ಗೀಚುವ ಬದಲು ಈ ಅಂಕ ಬರೆಯಿರಿ. ಆರು ತಿಂಗಳಾದ ಮೇಲೆ ಅದೇ ಹಲ್ಲು ಮುಂದೆ ಬಂದಾಗ ನಿಮಗೆ ನೀವೇ ಥ್ಯಾಂಕ್ಸ್ ಹೇಳಿಕೊಳ್ಳುತ್ತೀರಿ.

ಹಳ್ಳಿ ಕ್ಯಾಂಪಿನಲ್ಲಿ ಗಾಳಿ ಎಲ್ಲಿಂದ ಬರಬೇಕು? ಹತ್ತಿಯಿಂದ ಒರೆಸಿ, ಬಿಸಿಲಿಗೆ ಮುಖ ಮಾಡಿಸಿ ನೋಡಿ. 1 ತಪ್ಪಿಹೋಗಬಹುದು, 2 ತಪ್ಪುವುದಿಲ್ಲ.

ಇನ್ನು ಚೂಪು ಪ್ರೋಬ್, ಹಲ್ಲು ಮುಟ್ಟಿ ನೋಡುವ ಕಡ್ಡಿ. ಓದುವಾಗ ನಮಗೆ ಕಲಿಸಿದ್ದು ಒತ್ತಿ ನೋಡು, ಸಿಕ್ಕಿಕೊಂಡರೆ ಹುಳುಕು ಅಂತ. ಅದನ್ನು ಬಿಟ್ಟುಬಿಡಿ. ಎಳೆ ಹುಳುಕಿನಲ್ಲಿ ಮೇಲಿನ ತೆಳು ಪದರ ಗಟ್ಟಿ ಇರುತ್ತದೆ, ಅದರ ಕೆಳಗೆ ಟೊಳ್ಳು. ಚೂಪು ತುದಿ ಒತ್ತಿದರೆ ಆ ಪದರ ಮುರಿಯುತ್ತದೆ. ಇಲ್ಲದ ತೂತನ್ನು ನಾವೇ ಮಾಡಿದ ಹಾಗಾಯಿತು. ತುದಿಯಲ್ಲಿ ಅರ್ಧ ಮಿಲಿಮೀಟರ್ ಗುಂಡು ಇರುವ ಪ್ರೋಬ್ ಸಿಗುತ್ತದೆ. ಅದನ್ನು ಹಲ್ಲಿನ ಮೇಲೆ ಹಗುರಾಗಿ ಜಾರಿಸಿ, ಒತ್ತಬೇಡಿ.

ಹುಳುಕೋ, ನೀರಿನ ಕಲೆಯೋ?

ಬೇರೆ ಊರಿನ ಡಾಕ್ಟರಿಗೆ ಈ ಪ್ರಶ್ನೆ ಅಪರೂಪಕ್ಕೆ ಬರಬಹುದು. ನಮಗೆ ದಿನಾ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ, ಅನ್ನುವುದು ದೇಶದ ಮಾನದಂಡ. ಅದನ್ನು ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ದವಡೆಯೊಳಗೆ ತಯಾರಾಗುವಾಗಲೇ ಕಲೆ ಹಿಡಿದಿರುತ್ತದೆ. ಇದೇ ನೀರಿನ ಕಲೆ, ಫ್ಲೋರೋಸಿಸ್. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಈ ಅಪಾಯ. ಆಮೇಲೆ ಅದೇ ನೀರು ಕುಡಿದರೂ ಬಾಯಿಯ ಮುಂಭಾಗದ ಹಲ್ಲುಗಳಿಗೆ ಹೊಸದಾಗಿ ಕಲೆ ಬೀಳುವುದಿಲ್ಲ.

ನಾನು ಮೂರು ವಿಷಯ ನೋಡುತ್ತೇನೆ. ಮೊದಲನೆಯದು ಜೋಡಿ. ನೀರಿನ ಕಲೆ ಎಡ ಬಲ ಎರಡೂ ಕಡೆ ಒಂದೇ ಥರ ಇರುತ್ತದೆ, ಏಕೆಂದರೆ ಆ ಎರಡು ಹಲ್ಲು ಒಂದೇ ಸಮಯಕ್ಕೆ ತಯಾರಾದವು. ಹುಳುಕಿಗೆ ಆ ಶಿಸ್ತು ಇಲ್ಲ. ಎರಡನೆಯದು ಜಾಗ. ನೀರಿನ ಕಲೆ ಹಲ್ಲಿನ ತುದಿ ಕಡೆ ಜಾಸ್ತಿ. ಎಳೆ ಎಳೆಯಾಗಿ ಅಡ್ಡ ಗೆರೆ, ದವಡೆ ಹಲ್ಲಾದರೆ ತುದಿಗೆ ಹಿಟ್ಟು ಉದುರಿಸಿದ ಹಾಗೆ. ಹುಳುಕಿನ ಕಲೆ ಪಾಚಿ ನಿಲ್ಲುವಲ್ಲಿ ಮಾತ್ರ: ಒಸಡಿನ ಅಂಚಿಗೆ ಬಾಳೆಹಣ್ಣಿನ ಆಕಾರದಲ್ಲಿ, ದವಡೆ ಹಲ್ಲಿನ ಅಗಿಯುವ ಮೈಮೇಲಿನ ಸಂದಿಯಲ್ಲಿ, ಎರಡು ಹಲ್ಲು ಮುಟ್ಟುವ ಜಾಗದ ಕೆಳಗೆ. ಮೂರನೆಯದು ಅಂಚು. ನೀರಿನ ಕಲೆ ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ಹೇಳಲಾಗದು, ಸುತ್ತಲಿನ ಹಲ್ಲಿನೊಳಗೆ ಕರಗಿಹೋಗುತ್ತದೆ. ಹುಳುಕಿನ ಕಲೆಗೆ ಗಡಿ ಇದೆ.

ಆ ಹುಡುಗನ ಒಂಬತ್ತು ಹಲ್ಲಿನ ಕಲೆ ಈ ಮೂರು ಪರೀಕ್ಷೆಯಲ್ಲೂ ನೀರಿನ ಕಡೆಗೇ ಬಿತ್ತು. ಉಳಿದ ಎರಡು ಬೇರೆ. ಮೇಲಿನ ಬಲಗಡೆ ಒಂದು, ಕೆಳಗಿನ ಎಡಗಡೆ ಒಂದು, ಎರಡೂ ಆರನೇ ವರ್ಷಕ್ಕೆ ಬರುವ ದೊಡ್ಡ ದವಡೆ ಹಲ್ಲು. ಕೆನ್ನೆ ಪಕ್ಕಕ್ಕೆ, ಒಸಡಿಗೆ ಅಂಟಿಕೊಂಡು, ಒದ್ದೆ ಇದ್ದಾಗಲೇ ಕಾಣುವ ಕಲೆ.

ಎರಡೂ ಒಂದೇ ಹಲ್ಲಿನಲ್ಲಿ ಇರಲಾರದು ಅಂತ ಮಾತ್ರ ತಿಳಿಯಬೇಡಿ. ನೀರಿನ ಕಲೆ ಜೋರಾಗಿ ಹಿಡಿದ ಹಲ್ಲಿನಲ್ಲಿ ಎನಾಮೆಲ್ ಚಕ್ಕೆ ಎದ್ದು ಸಣ್ಣ ಗುಳಿ ಬಿದ್ದಿರುತ್ತದೆ. ಅಲ್ಲಿ ತಿಂದದ್ದು ನಿಂತು ಹುಳುಕೂ ಶುರುವಾಗುತ್ತದೆ. "ಫ್ಲೋರೋಸಿಸ್ ಇದೆ, ಹುಳುಕು ಬರಲ್ಲ" ಅನ್ನುವ ಮಾತು ಕೇಳಿದ್ದೇನೆ. ನಂಬಬೇಡಿ.

ಎಚ್ಚರ ಇದೆಯೋ, ಮಲಗಿದೆಯೋ?

ಹುಳುಕು ಅಂತ ಖಾತ್ರಿಯಾಯಿತು. ಈಗ ಅದು ಮುಂದೆ ಸಾಗುತ್ತಿದೆಯೋ, ನಿಂತುಬಿಟ್ಟಿದೆಯೋ ನೋಡಬೇಕು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಇದೇ ಮುಖ್ಯ. ಕಾಲೇಜಿನಲ್ಲಿ ಇದಕ್ಕೆ ಅತಿ ಕಡಿಮೆ ಸಮಯ ಕೊಟ್ಟಿದ್ದರು.

ಎಚ್ಚರ ಇರುವ ಹುಳುಕು ಸೀಮೆಸುಣ್ಣದ ಹಾಗೆ ಮಂಕು. ಗಾಳಿ ಬಿಟ್ಟರೂ ಹೊಳೆಯುವುದಿಲ್ಲ. ಗುಂಡು ಪ್ರೋಬ್ ಜಾರಿಸಿದರೆ ಗರಗರ ಅನ್ನುತ್ತದೆ. ಅದರ ಮೇಲೆ ಪಾಚಿ ಕೂತಿರುತ್ತದೆ, ಪಕ್ಕದ ಒಸಡು ಮುಟ್ಟಿದರೆ ರಕ್ತ. ಮಲಗಿದ ಹುಳುಕು ಹೊಳೆಯುತ್ತದೆ, ನುಣುಪು, ಬಣ್ಣ ಹೆಚ್ಚಾಗಿ ಕಂದು ಇಲ್ಲವೇ ಕಪ್ಪು. ಒಸಡಿನಿಂದ ಸ್ವಲ್ಪ ದೂರ ಸರಿದಿರುತ್ತದೆ. ತಮಾಷೆ ನೋಡಿ, ಜನ ಹೆದರುವುದು ಕಪ್ಪಿಗೆ. ನಾವು ಹೆದರಬೇಕಾದದ್ದು ಮಂಕು ಬಿಳಿಗೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2009. ಹನ್ನೆರಡು ವರ್ಷದ ಹುಡುಗಿ, ಕೆಳಗಿನ ದವಡೆ ಹಲ್ಲಿನ ಸಂದಿಯಲ್ಲಿ ಕಪ್ಪು ಗೆರೆ. ಪ್ರೋಬ್ ಸಿಕ್ಕಿಕೊಂಡಿತು. ಕೊರೆದೆ. ಒಳಗೆ ಮೆತ್ತಗಿನ ಭಾಗ ಏನೂ ಸಿಗಲಿಲ್ಲ, ಆದರೂ ಶುರು ಮಾಡಿದ್ದಕ್ಕೆ ಇನ್ನಷ್ಟು ಕೊರೆದು ತುಂಬಿದೆ. ನಾಲ್ಕು ವರ್ಷಕ್ಕೆ ಆ ಫಿಲ್ಲಿಂಗ್ ಅಂಚು ಬಿಟ್ಟಿತು. ತೆಗೆದು ಹೊಸದು ಹಾಕುವಾಗ ಗುಳಿ ದೊಡ್ಡದಾಯಿತು. ಆಮೇಲೆ ಒಂದು ಮೂಲೆ ಮುರಿಯಿತು. 2021ರಲ್ಲಿ ಮದುವೆ ಗೊತ್ತಾದ ಹೊತ್ತಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಕೂರಿಸಿದೆ. ಹುಡುಗಿ ನನ್ನನ್ನೇ ಹೊಗಳಿದಳು, "ಸಣ್ಣಾಕಿ ಇದ್ದಾಗಿಂದ ನೀವ ನೋಡ್ಕೊಂಡು ಬಂದೀರಿ" ಅಂತ. ಆ ಗೆರೆ ಮಲಗಿತ್ತು. ಎಬ್ಬಿಸಿದವಳು ನಾನು. ಒಮ್ಮೆ ಡ್ರಿಲ್ ತಾಗಿದ ಹಲ್ಲು ಮತ್ತೆ ಮತ್ತೆ ಕುರ್ಚಿಗೆ ಬರುತ್ತದೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸಣ್ಣದಾಗಿ.

ಎಕ್ಸ್‌ರೇ

ಎರಡು ಹಲ್ಲಿನ ನಡುವಿನದು ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಹಲ್ಲು ಕಚ್ಚಿಸಿ ತೆಗೆಯುವ ಎಕ್ಸ್‌ರೇ, ಅಂದರೆ ಬೈಟ್‌ವಿಂಗ್ ಬೇಕೇ ಬೇಕು. ನೆರಳು ಎನಾಮೆಲ್‌ನ ಹೊರಗಿನ ಅರ್ಧದಲ್ಲಿದ್ದರೆ ಇ1, ಒಳಗಿನ ಅರ್ಧಕ್ಕೆ ಬಂದಿದ್ದರೆ ಇ2, ಡೆಂಟಿನ್‌ನ ಹೊರಗಿನ ಮೂರನೇ ಒಂದು ಭಾಗ ಮುಟ್ಟಿದ್ದರೆ ಡಿ1, ಇನ್ನೂ ಒಳಗಾದರೆ ಡಿ2, ಡಿ3. ಇ1, ಇ2ನಲ್ಲಿ ಮೇಲ್ಮೈ ಸಾಮಾನ್ಯವಾಗಿ ಒಡೆದಿರುವುದಿಲ್ಲ. ಕೊರೆಯಬೇಡಿ. ಡಿ2, ಡಿ3 ಬಹುಪಾಲು ಒಡೆದಿರುತ್ತವೆ.

ಜಗಳ ಇರುವುದು ಡಿ1 ಹತ್ತಿರ. ಒಡೆದಿರಬಹುದು, ಇಲ್ಲದಿರಬಹುದು, ನೆರಳು ಅದನ್ನು ಹೇಳುವುದಿಲ್ಲ. ನಾನು ಒಂದು ಸುಲಭ ದಾರಿ ಹಿಡಿಯುತ್ತೇನೆ. ಹಲ್ಲಿಗೆ ತಂತಿ ಹಾಕುವಾಗ ಬಳಸುವ ರಬ್ಬರ್ ಸೆಪರೇಟರ್ ಇರುತ್ತದಲ್ಲ, ಅದನ್ನು ಆ ಎರಡು ಹಲ್ಲಿನ ನಡುವೆ ಸಿಕ್ಕಿಸಿ ಎರಡು ಮೂರು ದಿನ ಬಿಟ್ಟು ಬರಲು ಹೇಳುತ್ತೇನೆ. ಹಲ್ಲು ಸ್ವಲ್ಪ ಸರಿದು ಸಂದಿ ತೆರೆದಿರುತ್ತದೆ. ಒಣಗಿಸಿ ನೇರವಾಗಿ ನೋಡಬಹುದು. ಒಡೆದಿಲ್ಲದಿದ್ದರೆ ಅಲ್ಲೇ ಫ್ಲೋರೈಡ್ ಇರುವ ಲೇಪ, ಅಂದರೆ ವಾರ್ನಿಶ್, ಹಚ್ಚಿ ಕಳಿಸುತ್ತೇನೆ. ಒಡೆದಿದ್ದರೆ ತುಂಬುತ್ತೇನೆ. ಸೆಪರೇಟರ್‌ನ ಬೆಲೆ ಒಂದು ಚಹಾಕ್ಕಿಂತ ಕಡಿಮೆ. ಉಳಿಯುವುದು ಒಂದು ಹಲ್ಲು.

ಎನಾಮೆಲ್ ದಾಟಲು ಹುಳುಕಿಗೆ ಗಟ್ಟಿ ಹಲ್ಲಿನಲ್ಲಿ ಸಾಮಾನ್ಯವಾಗಿ ವರ್ಷಗಳೇ ಬೇಕು. ಅವಸರ ಇಲ್ಲ. ಹಾಲು ಹಲ್ಲಿನ ಎನಾಮೆಲ್ ತೆಳು, ಅಲ್ಲಿ ಅಷ್ಟು ಪುರುಸೊತ್ತು ಸಿಗುವುದಿಲ್ಲ.

ಬಾಯಿಗೆ ಏನು ಹೋಗುತ್ತದೆ

ಒಂದೇ ಅಂಕದ ಕಲೆಗೆ ಇಬ್ಬರಿಗೆ ಎರಡು ಬೇರೆ ಉತ್ತರ ಕೊಡಬೇಕಾಗುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಹುಳಿಯ ಅಳತೆ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗುತ್ತದೆ. ಎಂಜಲು ಅದನ್ನು ಮತ್ತೆ ಮೇಲೆತ್ತಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕೆಟ್ ಬಿದ್ದರೆ? ಅದಕ್ಕೇ ಎಷ್ಟು ಸಿಹಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನುವುದು ಮುಖ್ಯ.

"ಸಿಹಿ ತಿಂತೀರಾ" ಅಂತ ಯಾರನ್ನೂ ಕೇಳಬೇಡಿ. ಎಲ್ಲರೂ ಇಲ್ಲ ಅನ್ನುತ್ತಾರೆ. ಚಹಾ ಇಲ್ಲಿ ಸಿಹಿಯ ಲೆಕ್ಕಕ್ಕೇ ಬರುವುದಿಲ್ಲ. "ನಿನ್ನೆ ಎದ್ದಾಗಿಂದ ಮಲಗೋತನಕ ಬಾಯಾಗ ಏನೇನ್ ಹೋತು, ಒಂದೊಂದೇ ಹೇಳ್ರಿ" ಅಂತ ಕೇಳಿ. ಗಿಣಿಗೇರಾ ಕಡೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬರು ಹೀಗೆ ಹೇಳುತ್ತಾ ಹೋದಾಗ ಒಂದು ರಾತ್ರಿಗೆ ಏಳು ಚಹಾ ಆಯಿತು. ನಿದ್ದೆ ಬರಬಾರದು ಅಂತ ಎರಡು ಗುಟುಕು, ಗಂಟೆಗೊಮ್ಮೆ. ಅವರೇ ಬೆರಳು ಮಡಿಸಿ ಎಣಿಸಿ ನಕ್ಕರು. ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದದ್ದಕ್ಕೆ ಮಾತ್ರ ಅವರಿಗೆ ಪಾಪಪ್ರಜ್ಞೆ ಇತ್ತು. ಅವರ ಹಲ್ಲಿಗೆ ಆ ಏಳು ಚಹಾದಷ್ಟು ಕೆಟ್ಟದ್ದು ಮಿರ್ಚಿ ಮಾಡಿರಲಿಲ್ಲ.

ಇನ್ನೂ ಕೆಲವು ಕೇಳಿ. ಬಾಯಿ ಒಣಗುವ ಮಾತ್ರೆ ಇದೆಯಾ? ಮಗು ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತದಾ? ಹಲ್ಲಿಗೆ ಏನು ಹಾಕಿ ಉಜ್ಜುತ್ತೀರಿ? ಕಳೆದ ಎರಡು ಮೂರು ವರ್ಷದಲ್ಲಿ ಹೊಸ ತೂತು ಬಿದ್ದಿದೆಯಾ? ಮುಂದೆ ಹುಳುಕು ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಹಿಂದೆ ಬಂದದ್ದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಕೊನೆಗೆ ಇನ್ನೊಂದು ಪ್ರಶ್ನೆ, ಯಾವ ಪಠ್ಯದಲ್ಲೂ ಇಲ್ಲದ್ದು: "ಗುಳೆ ಹೋಗ್ತೀರಾ?" ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಹೋಗಿ ಯುಗಾದಿಗೆ ಬರುವ ಕುಟುಂಬಕ್ಕೆ "ಮೂರು ತಿಂಗಳು ಬಿಟ್ಟು ತೋರಿಸಿ" ಅಂದರೆ ಅದು ಬರೀ ಬಾಯಿಮಾತು. ಅಂಥವರಿಗೆ ನಾನು ನಿರ್ಧಾರ ಬದಲಿಸುತ್ತೇನೆ. ಆದರೆ ಕೊರೆಯುವ ಕಡೆಗಲ್ಲ. ಕಾದು ನೋಡಬಹುದಾಗಿದ್ದ ದವಡೆ ಸಂದಿಗೆ ಅವತ್ತೇ ಸೀಲೆಂಟ್, ಅಂದರೆ ಸಂದಿ ಮುಚ್ಚುವ ರಾಳ, ಹಾಕಿಬಿಡುತ್ತೇನೆ. ಮತ್ತೆ ಬರುವ ದಿನವನ್ನೂ ಕ್ಯಾಲೆಂಡರ್ ನೋಡಿ ಬರೆಯುವುದಿಲ್ಲ. ಗವಿಮಠದ ಜಾತ್ರೆ, ಯುಗಾದಿ, ಅಲಾಯಿ ಹಬ್ಬ (ಮೊಹರಂ), ದೀಪಾವಳಿ. ಕಾರ್ಡ್ ಮೇಲೆ "ಜಾತ್ರೆ ಮರುದಿನ" ಅಂತ ಬರೆದರೆ ಬರುತ್ತಾರೆ. "ಜನವರಿ 20" ಅಂದರೆ ಬರುವುದಿಲ್ಲ.

ಈಗ ಏನು ಮಾಡುವುದು

ಒಸಡಿನ ಅಂಚಿನ ಬಿಳಿ ಕಲೆ, ಮೇಲ್ಮೈ ಗಟ್ಟಿ, ಆದರೆ ಎಚ್ಚರ ಇದೆ: ಫ್ಲೋರೈಡ್ ವಾರ್ನಿಶ್. 5 ಶೇಕಡಾ ಸೋಡಿಯಂ ಫ್ಲೋರೈಡ್, ಅಂದರೆ ಹತ್ತು ಲಕ್ಷ ಭಾಗಕ್ಕೆ 22,600 ಭಾಗ ಫ್ಲೋರೈಡ್ (ಪಿಪಿಎಂ). ಹಲ್ಲನ್ನು ಹತ್ತಿಯಿಂದ ಒರೆಸಿ, ತೆಳುವಾಗಿ ಹಚ್ಚಿ. ಎಂಜಲು ತಾಗಿದರೆ ಅದೇ ಗಟ್ಟಿಯಾಗುತ್ತದೆ, ಪೂರ್ತಿ ಒಣ ಬೇಕೆಂದಿಲ್ಲ. ಹಾಲು ಹಲ್ಲಿನ ಮಗುವಿಗೆ ಇಡೀ ಬಾಯಿಗೆ 0.25 ಮಿಲಿ ಸಾಕು. ನಾಲ್ಕು ತಾಸು ಬ್ರಷ್ ಬೇಡ, ಗಟ್ಟಿ ತಿನಿಸು ಬೇಡ, ಬಿಸಿ ಚಹಾ ಬೇಡ. ಅಪಾಯ ಜಾಸ್ತಿ ಇದ್ದವರಿಗೆ ಮೂರು ತಿಂಗಳಿಗೊಮ್ಮೆ, ಉಳಿದವರಿಗೆ ಆರು ತಿಂಗಳಿಗೊಮ್ಮೆ. ಹಲ್ಲು ಸ್ವಲ್ಪ ಹಳದಿ ಕಾಣುವ ವಾರ್ನಿಶ್ ಇದ್ದರೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಸಂಜೆ ಫೋನ್ ಬರುತ್ತದೆ.

"ನಮ್ಮ ನೀರಾಗ ಫ್ಲೋರೈಡ್ ಜಾಸ್ತಿ ಐತಿ, ಮತ್ತ ಅದನ್ನ ಹಚ್ತೀರಲ್ರಿ?" ಈ ಪ್ರಶ್ನೆ ಖಂಡಿತ ಬರುತ್ತದೆ, ಕೇಳಿದವರು ಜಾಣರು. ನಾನು ಹೇಳುವುದು ಇಷ್ಟೇ: ಕುಡಿದ ಫ್ಲೋರೈಡ್ ಮೈಯೊಳಗೆ ಹೋಗಿ ಬೆಳೆಯುವ ಹಲ್ಲನ್ನು ಕೆಡಿಸುತ್ತದೆ. ಹಚ್ಚಿದ್ದು ಬಂದ ಹಲ್ಲಿನ ಮೇಲೆ ಕೂತು ಕೆಲಸ ಮಾಡುತ್ತದೆ. ಹೊಟ್ಟೆಗೆ ಹೋಗುವುದು ಸ್ವಲ್ಪ, ಅದೂ ವರ್ಷಕ್ಕೆ ಎರಡರಿಂದ ನಾಲ್ಕು ಸಲ. ಫ್ಲೋರೈಡ್ ಮಾತ್ರೆ, ಡ್ರಾಪ್ಸ್ ಮಾತ್ರ ನಮ್ಮ ಕಡೆ ಬರೆಯಲೇಬೇಡಿ. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಷ್ಟು, ಆರರ ತನಕ ಬಟಾಣಿಯಷ್ಟು. ಹಚ್ಚುವುದು ದೊಡ್ಡವರ ಕೈ, ಉಗುಳಿಸಬೇಕು. ಈಗ ತುಂಬ ಹಳ್ಳಿಗಳಲ್ಲಿ ಆರ್‌ಓ ಘಟಕದ ನೀರು ಬಂದಿದೆ. ಆ ನೀರಿನಲ್ಲಿ ಫ್ಲೋರೈಡ್ ಬಹುಪಾಲು ಹೋಗಿಬಿಟ್ಟಿರುತ್ತದೆ. ಅಂಥ ಮನೆಯ ಮಕ್ಕಳಿಗೆ ಪೇಸ್ಟ್ ಇನ್ನೂ ಮುಖ್ಯ. ದೊಡ್ಡವರು ಉಜ್ಜಿ ಉಗುಳಿದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸದಿದ್ದರೆ ಒಳ್ಳೆಯದು. ಇದನ್ನು ಒಪ್ಪಿಸುವುದು ಮಾತ್ರ ರೂಟ್ ಕೆನಾಲ್‌ಗಿಂತ ಕಷ್ಟ.

ದವಡೆ ಹಲ್ಲಿನ ಸಂದಿಯಲ್ಲಿ ಅಂಕ 1, 2, ಎಷ್ಟೋ ಸಲ 3 ಕೂಡ: ಸೀಲೆಂಟ್. ಕೆಳಗೆ ಹುಳುಕನ್ನು ಮುಚ್ಚಿಡುತ್ತಿದ್ದೇವೆ ಅನ್ನುವ ಭಯ ಬೇಡ. ಗಾಳಿಯಾಡದ ಹಾಗೆ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಊಟ ಸಿಗುವುದಿಲ್ಲ, ಹುಳುಕು ನಿಲ್ಲುತ್ತದೆ. ಆದರೆ ಕೆಲಸ ಚೊಕ್ಕವಾಗಿರಬೇಕು. 37 ಶೇಕಡಾ ಫಾಸ್ಫಾರಿಕ್ ಆಸಿಡ್ ಇಪ್ಪತ್ತು ಸೆಕೆಂಡ್, ಚೆನ್ನಾಗಿ ತೊಳೆದು ಒಣಗಿಸಿದಾಗ ಹಲ್ಲು ಸುಣ್ಣದಂತೆ ಕಾಣಬೇಕು. ಈ ಹೊತ್ತಿಗೆ ಒಂದು ತೊಟ್ಟು ಎಂಜಲು ಬಿದ್ದರೂ ಮತ್ತೆ ಆಸಿಡ್‌ನಿಂದ ಶುರು ಮಾಡಿ. ನೋಡೋಣ ಬಿಡು ಅಂತ ಮುಂದೆ ಹೋದ ಸೀಲೆಂಟ್ ಆರು ತಿಂಗಳಿಗೆ ಎದ್ದು ಹೋಗಿರುತ್ತದೆ. ಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ, ಒಣಗಿಸಲು ಆಗುತ್ತಿಲ್ಲ ಅಂದರೆ ಗ್ಲಾಸ್ ಐಯೊನೊಮರ್ ಅನ್ನುವ ಸಿಮೆಂಟ್ ಹಾಕಿ. ಬೆರಳಿಗೆ ವ್ಯಾಸಲೀನ್ ಹಚ್ಚಿಕೊಂಡು ಒತ್ತಿದರೆ ಸಂದಿಯೊಳಗೆ ಇಳಿಯುತ್ತದೆ. ಜಾಸ್ತಿ ದಿನ ಉಳಿಯದಿದ್ದರೂ ಹಲ್ಲು ಪೂರ್ತಿ ಬರುವ ತನಕ ಕಾಯುತ್ತದೆ.

ಹಲ್ಲಿನ ನಡುವೆ ಇ1, ಇ2: ವಾರ್ನಿಶ್ ಮತ್ತು ಫ್ಲಾಸ್. ರಾಳ ಇಳಿಸುವ ಇನ್‌ಫಿಲ್ಟ್ರೇಶನ್ ಅಂತ ಒಂದಿದೆ, ಒಳ್ಳೆಯದೇ. ನಮ್ಮ ಕಡೆಯ ಜೇಬಿಗೆ ಭಾರ.

ಮಲಗಿದ ಕಲೆ: ಏನೂ ಬೇಡ. ಫೋಟೋ ತೆಗೆದಿಡಿ.

ತೂತು ಬಿದ್ದು ಬ್ರಷ್ ತಲುಪದಿದ್ದರೆ, ಅನ್ನ ಸಿಕ್ಕಿಕೊಳ್ಳುತ್ತಿದ್ದರೆ, ಕೊರೆದು ತುಂಬಿ. ಅದಕ್ಕೆ ನಾಚಿಕೆ ಬೇಡ. ಅಂಚಿನಲ್ಲಿ ಪೂರ್ತಿ ಶುದ್ಧ ಮಾಡಿ, ನರದ ಹತ್ತಿರ ಸ್ವಲ್ಪ ಮೆತ್ತಗಿನದು ಉಳಿದರೂ ಬಿಟ್ಟು ಮೇಲೆ ಬಿಗಿಯಾಗಿ ಮುಚ್ಚಿ.

ಹಾಲು ಹಲ್ಲಿನಲ್ಲಿ ತೂತು, ಮಗು ಕುರ್ಚಿ ನೋಡಿದರೇ ಅಳುತ್ತದೆ: 38 ಶೇಕಡಾ ಸಿಲ್ವರ್ ಡೈಅಮೀನ್ ಫ್ಲೋರೈಡ್, ಬೆಳ್ಳಿ ಮತ್ತು ಫ್ಲೋರೈಡ್ ಇರುವ ದ್ರವ. ಒಂದು ತೊಟ್ಟು, ಒಂದು ನಿಮಿಷ, ಆರು ತಿಂಗಳಿಗೊಮ್ಮೆ. ಹುಳುಕು ನಿಲ್ಲುತ್ತದೆ, ಆ ಜಾಗ ಇದ್ದಿಲಿನಂತೆ ಕಪ್ಪಾಗುತ್ತದೆ. ಹಚ್ಚುವ ಮೊದಲು ಬೇರೆ ಮಗುವಿನ ಕಪ್ಪಾದ ಹಲ್ಲಿನ ಫೋಟೋ ತೋರಿಸಿ, ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಒಬ್ಬರದು ಸಾಲದು, ನನ್ನ ಅನುಭವ. ಬೆಳ್ಳಿಯ ಅಲರ್ಜಿ ಇದ್ದರೆ, ಬಾಯಲ್ಲಿ ಹುಣ್ಣಿದ್ದರೆ, ನರ ಬಯಲಾಗಿದ್ದರೆ ಬೇಡ. ತುಟಿಗೆ ವ್ಯಾಸಲೀನ್ ಹಚ್ಚಿ. ನನ್ನ ಒಂದು ಬಿಳಿ ಕೋಟಿನ ಮೇಲೆ 2018ರ ಒಂದು ಹನಿ ಇನ್ನೂ ಇದೆ, ಯಾವ ಸೋಪಿಗೂ ಬಗ್ಗಿಲ್ಲ. ಒಬ್ಬ ಅಜ್ಜಿ ಮೊಮ್ಮಗಳ ಹಲ್ಲು ನೋಡಿ, "ಕಣ್ಣಿಗೆ ಹಚ್ಚೋ ಕಾಡಿಗಿ ಹಲ್ಲಿಗೆ ಹಚ್ಚೀರಲ್ಲವ್ವಾ" ಅಂದಿದ್ದರು. ಆದರೆ ನೋವಿಲ್ಲದೆ ಮಗು ರೊಟ್ಟಿ ತಿಂತು ಅಂತ ಮುಂದಿನ ಸಲ ಇನ್ನೊಬ್ಬ ಮೊಮ್ಮಗನನ್ನೂ ಕರೆತಂದರು.

ಫೀಸಿನ ಮಾತು

ಕೊರೆಯದಿದ್ದರೆ ಜನ ಅದನ್ನು ಟ್ರೀಟ್‌ಮೆಂಟ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಏನೂ ಮಾಡ್ಲಿಲ್ಲ, ಬಣ್ಣ ಹಚ್ಚಿ ಕಳಿಸಿದ್ರು" ಅಂತ ಬಸ್‌ಸ್ಟ್ಯಾಂಡಿನ ತನಕ ಸುದ್ದಿ ಹೋಗುತ್ತದೆ. ಬಾಡಿಗೆ ಕಟ್ಟಬೇಕಾದ ಹೊಸ ಡಾಕ್ಟರಿಗೆ ಇದು ಸಣ್ಣ ಕಷ್ಟ ಅಲ್ಲ, ಗೊತ್ತು. ಫಿಲ್ಲಿಂಗ್ ಮಾಡಿದರೆ ಬರುವ ದುಡ್ಡು, ಬಿಟ್ಟರೆ ಬರುವುದಿಲ್ಲ. ನಾನು ನೋಡಿದ್ದಕ್ಕೆ, ಹಚ್ಚಿದ್ದಕ್ಕೆ, ಹೇಳಿಕೊಟ್ಟದ್ದಕ್ಕೆ ಬೇರೆ ಬೇರೆ ಫೀಸ್ ಬರೆದು ಗೋಡೆಗೆ ಹಾಕಿದ್ದೇನೆ. ಪುಕ್ಕಟೆ ಕೊಟ್ಟ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ.

ಕೈಗೆ ಕನ್ನಡಿ ಕೊಡಿ. ಕಲೆ ಒದ್ದೆ ಇದ್ದಾಗ ತೋರಿಸಿ, ಗಾಳಿ ಬಿಟ್ಟು ಅದು ಬೆಳ್ಳಗಾಗುವುದನ್ನು ತೋರಿಸಿ. ಫೋನಿನಲ್ಲಿ ಫೋಟೋ ತೆಗೆದು ಅವರಿಗೇ ಕಳಿಸಿ. ಕಣ್ಣಾರೆ ಕಂಡದ್ದಕ್ಕೆ ಜನ ದುಡ್ಡು ಕೊಡುತ್ತಾರೆ.

ಹುಡುಗನ ತಾಯಿಗೂ ಹೀಗೇ ತೋರಿಸಿದೆ. ಒಂಬತ್ತು ಹಲ್ಲಿನ ಕಲೆ ನೀರಿನದು, ಅದು ಹೋಗುವುದಿಲ್ಲ, ಹುಳುಕಿನ ಹಾಗೆ ಮುಂದೆ ಸಾಗುವುದೂ ಇಲ್ಲ, ಮುಂದೆ ದೊಡ್ಡವನಾದ ಮೇಲೆ ಚಂದ ಮಾಡಿಸಬೇಕೆಂದರೆ ದಾರಿ ಇದೆ ಅಂದೆ. ಎರಡಕ್ಕೆ ವಾರ್ನಿಶ್ ಹಚ್ಚಿದೆ. ದಿನಾ ಶಾಲೆಯಿಂದ ಬಂದು ಚಹಾದಲ್ಲಿ ಅದ್ದುವ ಬಿಸ್ಕೆಟ್ ಪುಡಾದ ಬದಲು ಶೇಂಗಾ ಕೊಡಿ ಅಂದೆ. ತಾಯಿಗೆ ಅರ್ಧ ನಂಬಿಕೆ. "ಜಾತ್ರಿಗೆ ಬಂದಾಗ ತೋರಿಸ್ತೀನ್ರಿ" ಅಂದು ಹೋದರು.

ಜಾತ್ರೆ ಮರುದಿನ ಬಂದರು. ಒಣಗಿಸಿ ನೋಡಿದೆ. ಕೆಳಗಿನ ಎಡಗಡೆಯ ಕಲೆ ಹೊಳೆಯುತ್ತಿತ್ತು, ಪ್ರೋಬ್ ಗಾಜಿನ ಮೇಲೆ ಹೋದಂತೆ ಜಾರಿತು. ಮೇಲಿನ ಬಲಗಡೆಯದು ಇನ್ನೂ ಮಂಕು, ಇನ್ನೂ ಗರಗರ, ಪಕ್ಕದ ಒಸಡಿನಲ್ಲಿ ರಕ್ತ. ಒಡೆದಿರಲಿಲ್ಲ. ಅದೇ ಬಾಯಿ, ಅದೇ ಪೇಸ್ಟ್, ಅದೇ ವಾರ್ನಿಶ್. ಹುಡುಗನ ಕೈಗೆ ಬ್ರಷ್ ಕೊಟ್ಟು ಉಜ್ಜು ಅಂದೆ. ಬಲಗೈಯವನು. ಎಡಗಡೆ ಸಲೀಸಾಗಿ ಹೋಯಿತು. ಬಲಗಡೆ ಬಂದಾಗ ಬಾಯಿ ದೊಡ್ಡದಾಗಿ ತೆರೆದ, ಕೆನ್ನೆ ಬಿಗಿಯಾಯಿತು, ಬ್ರಷ್ ಹಿಂದಿನ ಹಲ್ಲಿಗೆ ತಲುಪುವ ಮೊದಲೇ ಹೊರಗೆ ಬಂತು.

"ಬಾಯಿ ಅರ್ಧ ಮುಚ್ಚಿ ಉಜ್ಜಪ್ಪ," ಅಂದೆ. ಮುಚ್ಚಿದ. ಕೆನ್ನೆ ಸಡಿಲವಾಯಿತು, ಬ್ರಷ್ ಒಳಗೆ ಹೋಯಿತು. ಆ ಹಲ್ಲಿಗೆ ಇನ್ನೊಮ್ಮೆ ವಾರ್ನಿಶ್ ಹಚ್ಚಿ, ಕಾರ್ಡ್ ಮೇಲೆ ಆ ಹಲ್ಲಿನ ಸಂಖ್ಯೆ ಹಾಕಿ "16, ಅಂಕ 2, ಎಚ್ಚರ, ಯುಗಾದಿ" ಅಂತ ಬರೆದೆ.